ಜಾಮೀನು ಸಿಕ್ಕಿತು, ಮಾತ್ರೆ ಜೈಲಿನಲ್ಲೇ ಉಳಿಯಿತು

ಏಲಕ್ಕಿಕಾಡು

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಅಮ್ಮತ್ತಿ ಕಡೆಯವಳು. ಆರು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಇಷ್ಟೇ ನಮ್ಮ ಬದುಕು. ಇದುವರೆಗೆ ಈ ಆನ್‌ಲೈನ್ ವೇದಿಕೆಯಲ್ಲಿ ಮಳೆ ಎಷ್ಟು ಇಂಚು, ಕೊಳೆರೋಗ, ಆನೆ ಕಾಟ ಇಂಥದ್ದನ್ನೇ ಬರೆದಿದ್ದೇನೆ. ಇವತ್ತು ಬೇರೆ ವಿಷಯ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.

ನಮ್ಮ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲು ಮನೆಯಲ್ಲಿ, ಹನ್ನೊಂದು ವರ್ಷದಿಂದ ಒಂದು ಕುಟುಂಬ ಇದೆ. ಗಂಡ, ಹೆಂಡತಿ, ಅವನ ತಾಯಿ, ನಾಲ್ಕು ವರ್ಷದ ಮಗಳು. ಮೆಣಸು ಕುಯ್ಯುವ ಸಮಯದಲ್ಲಿ ಅವನ ಮೇಲೆ ಒಂದು ಕಳ್ಳತನದ ಕೇಸು ಬಿತ್ತು. ಮಾಡಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೋರ್ಟು ಹೇಳಬೇಕು. ಸ್ವಲ್ಪ ದಿನಕ್ಕೆ ಜಾಮೀನು ಮಂಜೂರಾಯಿತು, ಆದರೆ ಜಾಮೀನುದಾರರು ಬೇಕಲ್ಲ. ನಾನೇ ನಿಲ್ಲುತ್ತೇನೆ ಎಂದು ಹೋದೆ. ನಮ್ಮದು ಜಮ್ಮಾ ಜಾಗ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಜಮೀನು. ಪಹಣಿಯಲ್ಲಿ ಇರುವುದು ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರು, ನನ್ನದಲ್ಲ. ಆಗಲಿಲ್ಲ. ಅವಳ ತವರಿನ ಕಡೆಯವರು ಯಾರನ್ನೋ ಹಿಡಿದು ತರುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

ಒಳಗಿದ್ದಾಗ ಕೆಮ್ಮು ಶುರುವಾಗಿದೆ. ತುಂಬಾ ದಿನ ಬರೀ ಕೆಮ್ಮಿನ ಸಿರಪ್ಪು. ಕೊನೆಗೆ ಕಫ ಪರೀಕ್ಷೆ ಮಾಡಿಸಿದರು, ಟಿಬಿ ಎಂದು ಬಂತು, ಮಾತ್ರೆ ಶುರು ಮಾಡಿದರು. ಇಲ್ಲಿಯವರೆಗೆ ಸರಿ ಎನ್ನೋಣ. 23 ದಿನ ಮಾತ್ರೆ ನುಂಗಿದ್ದಾನೆ. 24ನೇ ದಿನ ಸಂಜೆ ಏಳೂವರೆಗೆ, ಜೋರು ಮಳೆಯಲ್ಲಿ, ಬಿಡುಗಡೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಲುಂಗಿ, ಒಂದು ಟವೆಲ್ಲು. ಮಾತ್ರೆ ಇಲ್ಲ. ಚೀಟಿ ಇಲ್ಲ. ಊರಲ್ಲಿ ಆಸ್ಪತ್ರೆಗೆ ತೋರಿಸ್ಕೋ ಎಂದು ಯಾರೋ ಬಾಯಿಮಾತಿಗೆ ಹೇಳಿದ್ದಾರಂತೆ, ಅಷ್ಟೆ.

ಅವನು ಯಾರಿಗೂ ಹೇಳಲಿಲ್ಲ. ಜೈಲಿಗೆ ಹೋಗಿಬಂದ ನಾಚಿಕೆಯೇ ಸಾಕಾಗಿತ್ತು, ಅದರ ಮೇಲೆ ಟಿಬಿ ಎಂದು ಹೇಗೆ ಹೇಳುವುದು? ಮೊನ್ನೆ ರಾತ್ರಿ ಲೈನ್ ಮನೆ ಕಡೆಯಿಂದ ಬಂದ ಕೆಮ್ಮು ಕೇಳಿ ನಾನು ಹೋಗಿ ನೋಡಿದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ, ನಿಮಗೆಲ್ಲ ಗೊತ್ತಲ್ಲ. ಕಿಟಕಿ ಮುಚ್ಚಿ ಗೋಣಿಚೀಲ ತುರುಕಿದ್ದಾರೆ, ಒಲೆ ಉರಿಯುತ್ತಿದೆ, ಒದ್ದೆ ಬಟ್ಟೆ ಒಲೆಯ ಮೇಲೆ ನೇತಾಡುತ್ತಿದೆ, ಒಂದೇ ಕೋಣೆಯಲ್ಲಿ ನಾಲ್ಕು ಜನ. ಮಗು ಅವನ ಮಗ್ಗುಲಲ್ಲೇ ಮಲಗಿತ್ತು. ಮಾತ್ರೆ ನಿಂತು 18 ದಿನ ಆಗಿದೆ.

ನನ್ನ ಪ್ರಶ್ನೆ ಎರಡು. ಈಗ ನಾವು ಏನು ಮಾಡಬೇಕು? ಮತ್ತೆ, ಗೇಟಿನಲ್ಲಿ ಅವನ ಕೈಗೆ ಮಾತ್ರೆ ಕೊಡುವುದು ಯಾರ ಕೆಲಸವಾಗಿತ್ತು?

ಸಿಸ್ಟರಮ್ಮ

ಮೊದಲ ಪ್ರಶ್ನೆಗೆ ಮೊದಲು ಉತ್ತರ. ನಾಳೆ ಬೆಳಗ್ಗೆಯೇ ಅವನನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪರೀಕ್ಷೆ, ಮಾತ್ರೆ ಎಲ್ಲಾ ಉಚಿತ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಮಾತ್ರೆ ಕೊಂಡು ನುಂಗಿಸಬೇಡಿ. ನಡುವೆ ನಿಂತುಹೋದ ಮೇಲೆ ಅದೇ ಮಾತ್ರೆ ಮುಂದುವರಿಸುವುದೋ, ಮತ್ತೆ ಮೊದಲಿನಿಂದ ಶುರು ಮಾಡುವುದೋ ಎಂದು ಡಾಕ್ಟರೇ ಹೇಳಬೇಕು. ಕಫವನ್ನು ಮತ್ತೆ ಪರೀಕ್ಷೆ ಮಾಡಬೇಕು. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಹಾಕಿದರೆ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಅದೂ ಗೊತ್ತಾಗುತ್ತದೆ. ನಿಂತು ನಿಂತು ಮಾತ್ರೆ ತಿಂದವರಲ್ಲಿ ಅದೇ ದೊಡ್ಡ ಭಯ.

ಜೈಲಿನಲ್ಲಿ ಚಿಕಿತ್ಸೆ ಶುರು ಮಾಡುವಾಗ ನಿಕ್ಷಯ್ ಎಂಬ ಸರ್ಕಾರಿ ದಾಖಲೆಯಲ್ಲಿ ಅವನ ಹೆಸರು ಸೇರಿಸಿರಬೇಕು. ಅದರಲ್ಲಿ ಒಂದು ನಂಬರು ಇರುತ್ತದೆ. ದೇಶದಲ್ಲಿ ಎಲ್ಲಿ ಹೋದರೂ ಅದೇ ನಂಬರು. ಅವನಿಗೆ ನೆನಪಿಲ್ಲದಿದ್ದರೆ ಹೆಸರು, ಊರು, ಆಧಾರ್ ಹೇಳಿ ಹುಡುಕಿಸಿ.

ಮನೆಯ ಉಳಿದ ಮೂವರನ್ನೂ ಕರೆದುಕೊಂಡು ಹೋಗಿ. ಮಗುವನ್ನು ಮರೆಯಲೇಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಬಿ ಬೇಗ ಬಿಗಡಾಯಿಸುತ್ತದೆ, ಮಿದುಳಿಗೂ ಹೋಗಬಹುದು. ಟಿಬಿ ಇಲ್ಲ ಎಂದು ಖಚಿತವಾದರೆ ಬರದಂತೆ ತಡೆಯುವ ಮಾತ್ರೆಯನ್ನು ಕೊಡುತ್ತಾರೆ.

ಇನ್ನೊಂದು ಮಾತು. ತಟ್ಟೆ ಲೋಟ ಬೇರೆ ಮಾಡಬೇಡಿ. ಟಿಬಿ ಹರಡುವುದು ಗಾಳಿಯಿಂದ. ಸರಿಯಾದ ಔಷಧಿ ಬಿಡದೆ ಎರಡು ವಾರ ತೆಗೆದುಕೊಂಡರೆ ಸಾಮಾನ್ಯವಾಗಿ ಹರಡುವುದು ಬಹಳ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬಾಯಿಗೆ ಬಟ್ಟೆ, ಮಲಗುವುದು ಬೇರೆ ಕಡೆ, ಮಳೆ ನಿಂತಾಗಲೆಲ್ಲ ಕಿಟಕಿ ತೆರೆಯಿರಿ.

ಕರಿಮೆಣಸು

ಅಕ್ಕ, ನಿಮ್ಮ ಒಳ್ಳೇತನದ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಎರಡು ವರ್ಷದ ಹಿಂದೆ ನಮ್ಮ ಕಣದಿಂದ ಮೂರು ಮೂಟೆ ಮೆಣಸು ಹೋಯಿತು. ಒಂದು ವರ್ಷದ ದುಡಿಮೆ ಅದು. ಮಗಳ ಕಾಲೇಜು ಫೀಸಿಗೆ ಇಟ್ಟಿದ್ದೆ. ನಮ್ಮ ಪರವಾಗಿ ಯಾರೂ ಹಕ್ಕಿನ ಮಾತಾಡಲಿಲ್ಲ. ಪ್ರಾಮಾಣಿಕವಾಗಿ ಕೂಲಿ ಮಾಡುವವನಿಗೇ ಜಿಲ್ಲಾ ಆಸ್ಪತ್ರೆಯಲ್ಲಿ ಬೆಳಗ್ಗಿಂದ ಸಂಜೆವರೆಗೆ ಕ್ಯೂ. ಒಳಗೆ ಹೋದವನಿಗೆ ಊಟ, ಮಾತ್ರೆ, ವಕೀಲ ಎಲ್ಲವೂ ನಮ್ಮ ತೆರಿಗೆಯಲ್ಲಿ ಬೇಕು ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹಳೇ ವಾರ್ಡರ್

ಕರಿಮೆಣಸು ಅವರೇ, ನಿಮ್ಮ ನೋವು ನಿಜ. ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ನಾನು 31 ವರ್ಷ ಜೈಲಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬಾಗಿಲಿನ ಹೊರಗೆ ನಿಂತವನು ಎನ್ನಿ. ಒಳಗಿನ ಗಾಳಿಯನ್ನೇ ನಾನೂ ಕುಡಿದೆ. ನನಗೂ ಟಿಬಿ ಬಂತು. ಆರು ತಿಂಗಳು ಮಾತ್ರೆ ತಿಂದೆ, ಕಿತ್ತಳೆ ಬಣ್ಣದ ಮೂತ್ರ ನೋಡಿ ಮೊದಲ ದಿನ ಹೆದರಿ ಸತ್ತೆ, ಆಮೇಲೆ ಅದು ರಿಫಾಂಪಿಸಿನ್ ಬಣ್ಣ ಎಂದು ಗೊತ್ತಾಯಿತು. ನನ್ನ ಚಿಕ್ಕ ಮಗನಿಗೂ ತಡೆ ಮಾತ್ರೆ ಕೊಡಬೇಕಾಯಿತು. ನಾನು ಯಾವ ಕಳ್ಳತನ ಮಾಡಿದ್ದೆ ಹೇಳಿ?

ಬ್ಯಾರಕ್ ಹೇಗಿರುತ್ತದೆ ಎಂದು ನೋಡದವರಿಗೆ ಹೇಳುತ್ತೇನೆ. ಸಂಜೆ ಎಣಿಕೆ ಆಗಿ ಬೀಗ ಬಿತ್ತೆಂದರೆ ಬೆಳಗ್ಗೆವರೆಗೆ ತೆರೆಯುವುದಿಲ್ಲ. ಹತ್ತಿರ ಹತ್ತಿರ 12 ಗಂಟೆ. ಮೂವತ್ತು ಜನಕ್ಕೆ ಕಟ್ಟಿದ ಕಡೆ ಐವತ್ತು ಜನ ಮಲಗಿದ್ದನ್ನು ನಾನು ಎಣಿಸಿದ್ದೇನೆ. ಒಬ್ಬ ಮಗ್ಗುಲು ಬದಲಿಸಿದರೆ ಪಕ್ಕದ ನಾಲ್ಕು ಜನ ಬದಲಿಸಬೇಕು. ಮಲೆನಾಡಿನ ಜೈಲಿನಲ್ಲಿ ಮಳೆಗಾಲ ಬಂದರೆ ಇನ್ನೂ ಕಷ್ಟ. ಮಳೆ ಅಡ್ಡ ಹೊಡೆಯುತ್ತದೆ, ಕಂಬಿ ಕಿಟಕಿಗೆ ಟಾರ್ಪಾಲು ಕಟ್ಟುತ್ತೇವೆ. ಕಟ್ಟದಿದ್ದರೆ ಹಾಸಿಗೆ ಒದ್ದೆ, ಕಟ್ಟಿದರೆ ಗಾಳಿ ಇಲ್ಲ. ಏಲಕ್ಕಿಕಾಡು ಮೇಡಂ ಹೇಳಿದ ಲೈನ್ ಮನೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಹೊರಗಿನಿಂದ ಬೀಗ ಹಾಕಿದರೆ ಅದೇ ಬ್ಯಾರಕ್.

ಕೆಮ್ಮುವವನನ್ನು ಆಸ್ಪತ್ರೆಗೆ ಕಳಿಸುವುದಿಲ್ಲ ಎಂದು ಯಾರೂ ಹಠ ಮಾಡುವುದಿಲ್ಲ. ನಾನು ಕಂಡ ಮಟ್ಟಿಗೆ ತಡವಾಗುತ್ತಿದ್ದುದು ಎಸ್ಕಾರ್ಟಿನಿಂದ. ಕೈದಿ ಹೊರಗೆ ಹೋಗಬೇಕಾದರೆ ಪೊಲೀಸರು ಜೊತೆಗೆ ಬರಬೇಕು. ದಸರಾ ಬಂದೋಬಸ್ತು, ಚುನಾವಣೆ, ಮಂತ್ರಿಗಳ ಪ್ರವಾಸ, ಏನಾದರೂ ಒಂದು ಇರುತ್ತದೆ. ಇವತ್ತು ಇಲ್ಲ, ನಾಳೆ. ನಾಳೆ ಇಲ್ಲ, ಸೋಮವಾರ. ಆ ಸೋಮವಾರ ಬರುವಷ್ಟರಲ್ಲಿ ಐವತ್ತು ಜನರ ಮೇಲೆ ಅವನು ಕೆಮ್ಮಿರುತ್ತಾನೆ.

ಮಂಜು ಮುಸುಕು

ಸರ್, ಟಿಬಿ ಒಂದೇನಾ? ಕಜ್ಜಿಯ ಬಗ್ಗೆಯೂ ಕೇಳಿದ್ದೇನೆ.

ಹಳೇ ವಾರ್ಡರ್

ಕಜ್ಜಿ ಮಾಮೂಲಿ. ಒಬ್ಬನಿಗೆ ಮಾತ್ರ ಮುಲಾಮು ಕೊಟ್ಟರೆ ಪ್ರಯೋಜನ ಇಲ್ಲ. ಇಡೀ ಬ್ಯಾರಕ್ಕಿಗೆ ಒಂದೇ ದಿನ ಹಚ್ಚಿ, ಅದೇ ದಿನ ಎಲ್ಲರ ಬಟ್ಟೆ ಕಂಬಳಿ ಬಿಸಿನೀರಿಗೆ ಹಾಕಿ ಒಣಗಿಸಬೇಕು. ಬಿಸಿಲಿಲ್ಲದ ಜುಲೈನಲ್ಲಿ ಐವತ್ತು ಕಂಬಳಿ ಎಲ್ಲಿ ಒಣಗಿಸುವುದು?

ಕರಿಕೋಟು

ವಿರಾಜಪೇಟೆಯಲ್ಲಿ ವಕೀಲಿಕೆ ಮಾಡುತ್ತೇನೆ. ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕೋರ್ಟು ಒಬ್ಬನಿಗೆ ಕೊಡುವ ಶಿಕ್ಷೆ ಎಂದರೆ ಅವನ ಓಡಾಟದ ಸ್ವಾತಂತ್ರ್ಯ ಕಿತ್ತುಕೊಳ್ಳುವುದು. ಅವನ ಶ್ವಾಸಕೋಶವನ್ನು ಕಿತ್ತುಕೊಳ್ಳಿ ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಸಂವಿಧಾನದ 21ನೇ ವಿಧಿ, ಅಂದರೆ ಜೀವದ ಹಕ್ಕು, ಜೈಲಿನ ಗೇಟಿನಲ್ಲಿ ಕಳಚಿ ಬೀಳುವುದಿಲ್ಲ. ಸುಪ್ರೀಂ ಕೋರ್ಟು 1978ರ ಸುನಿಲ್ ಬಾತ್ರಾ ಪ್ರಕರಣದಿಂದ ಇದನ್ನೇ ಹೇಳುತ್ತಾ ಬಂದಿದೆ. ಅದಿರಲಿ, ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿ ರಾಮಮೂರ್ತಿ 1984ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡ ಕೋರ್ಟು 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಜೈಲುಗಳ ಒಂಬತ್ತು ದೊಡ್ಡ ಸಮಸ್ಯೆಗಳನ್ನು ಅದರಲ್ಲಿ ಗುರುತಿಸಿದ್ದಾರೆ. ಮೊದಲನೆಯದು ಜನದಟ್ಟಣೆ, ಎರಡನೆಯದು ವಿಚಾರಣೆಯ ವಿಳಂಬ. ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆಯೂ ಪಟ್ಟಿಯಲ್ಲಿದೆ. ಕೈದಿಗೆ ತಾನೇ ಡಾಕ್ಟರ ಹತ್ತಿರ ಹೋಗುವ ಸ್ವಾತಂತ್ರ್ಯ ಇಲ್ಲ, ಆದ್ದರಿಂದ ಅವನನ್ನು ಹಿಡಿದಿಟ್ಟ ಸರ್ಕಾರದ ಹೊಣೆ ಇನ್ನೂ ಜಾಸ್ತಿ. ನನಗೆ ಇಡೀ ವಿಷಯದ ತಿರುಳು ಇದೇ ಅನ್ನಿಸುತ್ತದೆ. ನಾವು ನೀವು ಕೆಮ್ಮು ಬಂದರೆ ಆಟೋ ಹತ್ತಿ ಹೋಗುತ್ತೇವೆ. ಅವನು ಯಾರದೋ ಬೀಗದ ಕೈಗೆ ಕಾಯಬೇಕು.

ವಿಶ್ವಸಂಸ್ಥೆಯ ನಿಯಮಗಳೂ ಇವೆ. 2015ರಲ್ಲಿ ಅವನ್ನು ಪರಿಷ್ಕರಿಸಿ ನೆಲ್ಸನ್ ಮಂಡೇಲಾ ನಿಯಮಗಳು ಎಂದು ಕರೆದರು. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಉಚಿತವಾಗಿ ಸಿಗಬೇಕು ಎಂದು 24ನೇ ನಿಯಮ ಹೇಳುತ್ತದೆ. ಅದೇ ನಿಯಮದಲ್ಲಿ ಎಚ್‌ಐವಿ, ಟಿಬಿ, ಇತರ ಅಂಟುರೋಗಗಳ ಹೆಸರು ಹಿಡಿದು, ಚಿಕಿತ್ಸೆ ನಡುವೆ ಕಡಿಯಬಾರದು ಎಂದಿದೆ. ಅಕ್ಕ ಕೇಳಿದ ಗೇಟಿನ ಪ್ರಶ್ನೆಗೆ ಇದೇ ಉತ್ತರ. ಒಳಗೆ ಶುರು ಮಾಡಿದವರೇ ಹೊರಗೆ ಯಾರು ಮುಂದುವರಿಸುತ್ತಾರೆ ಎಂದು ಗೊತ್ತು ಮಾಡಿಕೊಂಡು, ಕೈಗೆ ಮಾತ್ರೆ, ಚೀಟಿ ಕೊಟ್ಟು ಕಳಿಸಬೇಕಿತ್ತು.

ಮಂಡೇಲಾ ಅವರಿಗೇ ಜೈಲಿನಲ್ಲಿ ಟಿಬಿ ಬಂದಿತ್ತು, 1988ರಲ್ಲಿ. ಆಸ್ಪತ್ರೆಗೆ ಸೇರಿಸಿ ಚಿಕಿತ್ಸೆ ಕೊಟ್ಟರು, ಗುಣವಾದರು. ಆಮೇಲೆ ಅಧ್ಯಕ್ಷರಾದರು. ಚಿಕಿತ್ಸೆ ಸಿಗದ ಕೈದಿಗಳ ಹೆಸರು ಯಾರಿಗೂ ಗೊತ್ತಿಲ್ಲ.

ಕರಿಮೆಣಸು ಸರ್, ನಿಮಗೆ ಒಂದು ಲೆಕ್ಕ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಜಾಗ ಇದ್ದದ್ದು 4,36,266 ಜನಕ್ಕೆ. ಒಳಗಿದ್ದವರಲ್ಲಿ 75.8% ವಿಚಾರಣಾಧೀನರು. ಅಂದರೆ ನಾಲ್ಕರಲ್ಲಿ ಮೂರು ಜನರ ಮೇಲೆ ಅಪರಾಧ ಇನ್ನೂ ಸಾಬೀತಾಗಿಲ್ಲ. ನಿಮ್ಮ ಮೆಣಸು ಕದ್ದವನು ಅವರಲ್ಲಿ ಇರಬಹುದು. ಕದಿಯದವನೂ ಇರಬಹುದು. ರೋಗಕ್ಕೆ ಅದು ಗೊತ್ತಾಗುವುದಿಲ್ಲ.

ಕರಿಮೆಣಸು

ಮೇಡಂ, ಸಾಬೀತಾಗದವರ ಲೆಕ್ಕ ಇಷ್ಟು ಜಾಸ್ತಿ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಕಳ್ಳತನದಲ್ಲಿ ಕಳೆದುಕೊಂಡವನಿಗೂ ಒಂದು ಬದುಕಿದೆ ಎನ್ನುವುದನ್ನು ಮರೆಯಬೇಡಿ. ನನ್ನ ಕೇಸಿನ ಗತಿ ಏನಾಯಿತು ಎಂದು ಇವತ್ತಿಗೂ ಯಾರೂ ಹೇಳಿಲ್ಲ.

ಕರಿಕೋಟು

ಮರೆಯುವುದಿಲ್ಲ ಸರ್. ಎಫ್‌ಐಆರ್ ನಂಬರು ಕಳಿಸಿ, ನಾನು ವಿಚಾರಿಸಿ ಹೇಳುತ್ತೇನೆ.

ಇತಿಹಾಸ ಮೇಷ್ಟ್ರು

ಕುಶಾಲನಗರದಿಂದ. ಶಾಲೆಯಲ್ಲಿ ಪಾಠ ಮಾಡಿ ರೂಢಿ, ಹಾಗಾಗಿ ಒಂದು ಹಳೆಯ ಕಥೆ. 1750ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿಗೆ ಪಕ್ಕದ ನ್ಯೂಗೇಟ್ ಜೈಲಿನಿಂದ ಕೈದಿಗಳನ್ನು ವಿಚಾರಣೆಗೆ ತಂದರು. ಅವರ ಬಟ್ಟೆಯಲ್ಲಿ ಹೇನಿತ್ತು, ಹೇನಿನಲ್ಲಿ ಟೈಫಸ್ ಇತ್ತು. ಆಗ ಅದನ್ನು ಜೈಲು ಜ್ವರ ಎಂದೇ ಕರೆಯುತ್ತಿದ್ದರು. ಆ ಕೋರ್ಟಿನಲ್ಲಿ ಕೂತಿದ್ದ ನ್ಯಾಯಾಧೀಶರು, ಲಂಡನ್ನಿನ ಮೇಯರ್, ವಕೀಲರು, ಜೂರಿಗಳು ಸೇರಿ ಹಲವಾರು ಜನ ಸತ್ತರು. 1774ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆ ಮಾಡಿತು. ಜೈಲಿನ ಗೋಡೆಗೆ ಸುಣ್ಣ ಬಳಿಯಬೇಕು, ಗಾಳಿ ಆಡಬೇಕು, ರೋಗಿಗಳಿಗೆ ಬೇರೆ ಕೋಣೆ ಇರಬೇಕು ಎಂದು. ಜಾನ್ ಹೊವಾರ್ಡ್ ಎಂಬವರು ಊರೂರಿನ ಜೈಲು ಸುತ್ತಿ, ಕಂಡದ್ದನ್ನು ಸಂಸತ್ತಿನ ಮುಂದೆ ಹೇಳಿದ್ದರು.

ಮೇಯರ್ ಸತ್ತ 24 ವರ್ಷದ ಮೇಲೆ ಸುಣ್ಣ ಬಳಿಯುವ ಕಾಯ್ದೆ ಬಂತು. ನನ್ನ ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಬ್ಯಾರಕ್ಕುಗಳಲ್ಲಿ ಅದಕ್ಕೂ ಮೊದಲು ಎಷ್ಟು ಜನ ಸುಮ್ಮನೆ ಸತ್ತಿರಬೇಕು.

ಹೆಸರು ಬೇಡ

ಬೇರೆ ಖಾತೆಯಿಂದ ಬರೆಯುತ್ತಿದ್ದೇನೆ. ದಯವಿಟ್ಟು ಯಾರೆಂದು ಕೇಳಬೇಡಿ.

ನನ್ನ ಅಣ್ಣ ಒಂದೂವರೆ ವರ್ಷ ಜೈಲಿನಲ್ಲಿದ್ದ. ಯಾವ ಜೈಲು ಎಂದು ಹೇಳುವುದಿಲ್ಲ. ಒಂದು ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ರಕ್ತ ತೆಗೆದರಂತೆ. ಯಾಕೆ ಎಂದು ಹೇಳಲಿಲ್ಲ, ಒಪ್ಪಿಗೆಯಾ ಎಂದು ಕೇಳಲಿಲ್ಲ. ವಾರದ ಮೇಲೆ ಎಲ್ಲರ ಎದುರಿಗೆ ಹೆಸರು ಕೂಗಿ, ನಿನಗೆ ಎಚ್‌ಐವಿ ಇದೆ, ಆ ಮೂಲೆಗೆ ಹೋಗು ಎಂದರಂತೆ. ಆ ದಿನದಿಂದ ಅವನ ತಟ್ಟೆ ಬೇರೆ. ನೀರಿನ ಕೊಡ ಮುಟ್ಟುವ ಹಾಗಿಲ್ಲ. ಮುಲಾಖಾತಿಗೆ ಹೋದಾಗ ಅವನು ಬಾಯಿ ಬಿಡಲಿಲ್ಲ, ಪಕ್ಕದ ಕೈದಿಯ ಮನೆಯವರು ನಮಗೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರು. ಊರಿಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ನನ್ನ ತಂಗಿಗೆ ನಿಶ್ಚಯವಾಗಿದ್ದ ಮದುವೆ ನಿಂತಿತು.

ಈಗ ಅಣ್ಣ ಹೊರಗಿದ್ದಾನೆ, ದಿನಾ ಮಾತ್ರೆ ತೆಗೆದುಕೊಳ್ಳುತ್ತಾನೆ, ಗಟ್ಟಿಮುಟ್ಟಾಗಿದ್ದಾನೆ, ಕೆಲಸಕ್ಕೂ ಹೋಗುತ್ತಾನೆ. ರೋಗದಿಂದ ಅವನು ಮುರಿಯಲಿಲ್ಲ. ಆ ದಿನ ಹೆಸರು ಕೂಗಿದ್ದರಲ್ಲ, ಅದರಿಂದ ಮುರಿದ.

ಕರಿಕೋಟು

ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನಿಮ್ಮ ಅಣ್ಣನಿಗೆ ಆದದ್ದು ಕಾನೂನಿಗೆ ನೇರ ವಿರುದ್ಧ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಫಲಿತಾಂಶವನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ. ಸೋಂಕು ಇದೆ ಎಂದು ಬೇರೆ ಇಡುವ ಹಾಗಿಲ್ಲ. 31ನೇ ಕಲಮಿನಲ್ಲಿ ಸರ್ಕಾರದ ವಶದಲ್ಲಿರುವ ಎಲ್ಲರಿಗೂ, ಶಿಕ್ಷೆಯಾದವರಿಗೂ ವಿಚಾರಣಾಧೀನರಿಗೂ, ಸಲಹೆ, ಪರೀಕ್ಷೆ, ಚಿಕಿತ್ಸೆಯ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದ್ದಾರೆ. ನೀವು ಯಾವತ್ತಾದರೂ ದೂರು ಕೊಡಬೇಕು ಅನ್ನಿಸಿದರೆ ಹೇಳಿ. ಬೇಡ ಅನ್ನಿಸಿದರೆ ಅದೂ ನಿಮ್ಮ ಹಕ್ಕು.

ಸಿಸ್ಟರಮ್ಮ

ಮಗಾ, ನಿಮ್ಮ ಅಣ್ಣ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದಾನಲ್ಲ, ಅದೇ ಎಷ್ಟೋ ಸಮಾಧಾನ. ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಮತ್ತೆ ನೀರಿನ ಕೊಡದಿಂದ ಎಲ್ಲಿ ಹರಡೀತು? ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ವಾರ್ಡಿನಲ್ಲೇ ಹೆದರಿಕೊಂಡು ದೂರ ನಿಲ್ಲುವವರಿದ್ದರು. ಅದು ತಪ್ಪು ಎಂದು ನಾವು ಕಲಿತೆವು.

ಇನ್ನೊಂದು ನ್ಯಾಯದ ಮಾತೂ ಹೇಳಬೇಕು. ಏಲಕ್ಕಿಕಾಡು ಅವರ ಹುಡುಗನಿಗೆ ಟಿಬಿ ಜೈಲಿನಲ್ಲೇ ತಗುಲಿತು ಎಂದು ಖಚಿತವಾಗಿ ಹೇಳುವುದು ಕಷ್ಟ. ಟಿಬಿ ರೋಗಾಣು ದೇಹದೊಳಗೆ ವರ್ಷಗಟ್ಟಲೆ ಮಲಗಿರಬಹುದು. ಊಟ ಕಡಿಮೆಯಾಗಿ, ಚಿಂತೆ ಜಾಸ್ತಿಯಾಗಿ, ಬೀಡಿ ಹೆಚ್ಚಾಗಿ ಮೈ ಸೋತಾಗ ಏಳುತ್ತದೆ. ಲೈನ್ ಮನೆಯಿಂದ ಅವನೇ ಒಳಗೆ ಒಯ್ದಿರಬಹುದು. ಅದಕ್ಕೇ ಒಳಗೆ ಹೋಗುವ ದಿನವೇ ಪ್ರತಿಯೊಬ್ಬರನ್ನೂ ಕೇಳಿ, ತೂಕ ನೋಡಿ, ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಬೇಕು. ಜೈಲಿನಲ್ಲಿರುವವರಿಗೆ ಟಿಬಿ ಬರುವುದು ಹೊರಗಿನವರಿಗಿಂತ ಸುಮಾರು 10 ಪಟ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಿದ್ದಾಗ ಅಷ್ಟು ದಿನ ಸಿರಪ್ಪು ಕೊಟ್ಟು ಕಾಯುವುದು ಯಾಕೆ?

ಹಾರಂಗಿ ದಂಡೆ

ಒಂದು ಪ್ರಶ್ನೆ. ಜಾಗ ಇಲ್ಲ ಎನ್ನುವುದೇ ಮೂಲವಾದರೆ, ಸಣ್ಣ ಕೇಸಿನವರನ್ನು ಹೊರಗೆ ಬಿಡುವುದೇ ದೊಡ್ಡ ಔಷಧಿ ಅಲ್ವಾ? ಕೊರೊನಾ ಬಂದಾಗ ಬಿಟ್ಟಿದ್ದರಲ್ಲ.

ಕರಿಕೋಟು

ಹೌದು. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ಪ್ರತಿ ರಾಜ್ಯವೂ ಒಂದು ಉನ್ನತಾಧಿಕಾರ ಸಮಿತಿ ಮಾಡಿ, ಯಾರನ್ನು ತಾತ್ಕಾಲಿಕವಾಗಿ ಬಿಡಬಹುದು ಎಂದು ಗುರುತಿಸಲು ಹೇಳಿತು. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳನ್ನು ಉದಾಹರಣೆಯಾಗಿ ಕೊಟ್ಟಿತು. 2021ರ ಮೇ ತಿಂಗಳಲ್ಲಿ ಮತ್ತೆ ಹೇಳಿತು. ಅಂದರೆ ಮನಸ್ಸಿದ್ದರೆ ಆಗುತ್ತದೆ.

ಈಗಿನ ಕಾನೂನಿನಲ್ಲೂ ದಾರಿ ಇದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ಕಾನೂನು) ಬದಲಿಗೆ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ನೋಡಿ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು. ಬೇರೆ ಕೇಸುಗಳೂ ಬಾಕಿ ಇದ್ದವರಿಗೆ, ಮರಣದಂಡನೆ ಅಥವಾ ಜೀವಾವಧಿಯ ಕೇಸಿನವರಿಗೆ ಇದು ಇಲ್ಲ. ಜಾಮೀನು ಸಿಕ್ಕಿಯೂ ಹಣ ಇಲ್ಲದೆ ಕೂತವರಿಗೆ 2023ರಿಂದ ಕೇಂದ್ರದ ಒಂದು ಯೋಜನೆ ಇದೆ, ಶುರುವಾದಾಗ ಅದರಲ್ಲಿ ವಿಚಾರಣಾಧೀನರಿಗೆ ಒಂದು ಕೇಸಿಗೆ 40,000 ರೂಪಾಯಿವರೆಗೆ ಎಂದಿತ್ತು. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟಿದ್ದರೂ, ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಕ್ಕ, ಪಹಣಿ ಇಲ್ಲ ಎಂದಾಗ ನೀವು ಅಲ್ಲಿಗೆ ಬಂದಿದ್ದರೆ ಜಾಮೀನಿನ ಷರತ್ತು ಸಡಿಲಿಸಿ ಎಂದು ಅರ್ಜಿ ಹಾಕಬಹುದಿತ್ತು. ಯಾರೂ ಹೇಳಿಲ್ಲ ನಿಮಗೆ, ಅದು ನಿಮ್ಮ ತಪ್ಪಲ್ಲ.

ಏಲಕ್ಕಿಕಾಡು

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಮರ ಬಿದ್ದು ನಾಲ್ಕು ಕಂಬ ಹೋಗಿತ್ತು.

ಮರುದಿನವೇ ಎಲ್ಲರನ್ನೂ ಜೀಪಿನಲ್ಲಿ ಕರೆದುಕೊಂಡು ಹೋದೆ. ಸಿಸ್ಟರ್ ಹೇಳಿದ ಹಾಗೇ ನಂಬರು ಹುಡುಕಿದರು, ಸಿಕ್ಕಿತು. ಕಫ ಪರೀಕ್ಷೆ ಬಂದಿದೆ. ರೋಗಾಣು ಇದೆ, ಆದರೆ ರಿಫಾಂಪಿಸಿನ್‌ಗೆ ಬಗ್ಗುತ್ತದೆ. ಅದನ್ನು ಕೇಳಿ ಅವನ ಹೆಂಡತಿ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತು ಅತ್ತಳು. ಮಗುವಿಗೆ ಟಿಬಿ ಇಲ್ಲ, ತಡೆ ಔಷಧಿ ಶುರುವಾಗಿದೆ. ತಾಯಿಯ ಎಕ್ಸ್‌ರೇಯಲ್ಲಿ ಏನೋ ಕಂಡಿದೆ, ಇನ್ನೊಂದು ಪರೀಕ್ಷೆ ಬಾಕಿ.

ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದಂತೆ, ಮೊದಲು 500 ಇತ್ತಂತೆ. ಅವನ ಬ್ಯಾಂಕ್ ಖಾತೆ ಜೈಲಿಗೆ ಹೋದ ಮೇಲೆ ನಿಂತುಹೋಗಿದೆ, ಈಗ ಕೆವೈಸಿ ಮಾಡಿಸಬೇಕು. ಮೊಟ್ಟೆ ನಾನು ಕೊಡುತ್ತಿದ್ದೇನೆ.

ಉಳಿದ ಕೆಲಸದವರು ಹೆದರಿದ್ದರು. ಇಬ್ಬರು ಲೈನ್ ಬಿಟ್ಟು ಹೋಗುತ್ತೇವೆ ಎಂದರು. ಆಶಾ ಕಾರ್ಯಕರ್ತೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದ ಮೇಲೆ ನಿಂತರು. ಆಕೆ ಅಸ್ಸಾಮಿನಿಂದ ಬಂದ ಹುಡುಗರಿಗೆ ತನಗೆ ಬರುವಷ್ಟು ಹಿಂದಿಯಲ್ಲೇ ಹೇಳಿದಳು, ಅವರಲ್ಲೂ ಒಬ್ಬನಿಗೆ ಮೂರು ವಾರದ ಕೆಮ್ಮು ಇತ್ತು. ಅವನ ಕಫವೂ ಪರೀಕ್ಷೆಗೆ ಹೋಗಿದೆ.

ಕರಿಮೆಣಸು

ಅಕ್ಕ, ನಮ್ಮ ಲೈನಿನಲ್ಲೂ ಹದಿನಾಲ್ಕು ಜನ ಇದ್ದಾರೆ. ಇಬ್ಬರು ಕೆಮ್ಮುತ್ತಾರೆ, ಚಳಿಗೆ ಎಂದುಕೊಂಡಿದ್ದೆ. ಆ ಆಶಾ ಕಾರ್ಯಕರ್ತೆ ನಮ್ಮ ಕಡೆಗೂ ಬರುತ್ತಾರಾ, ಅಥವಾ ನಮ್ಮ ಊರಿಗೆ ಬೇರೆಯವರಾ?

ಜೈಲಿನ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಬದಲಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಮಾತ್ರೆ ಕೊಡದೆ ಮಳೆಯಲ್ಲಿ ಬಿಟ್ಟದ್ದು ತಪ್ಪು.

ಸಿಸ್ಟರಮ್ಮ

ಪ್ರತಿ ಊರಿಗೂ ಬೇರೆ ಇರುತ್ತಾರೆ. ನಿಮ್ಮ ಅಂಗನವಾಡಿಯಲ್ಲಿ ಕೇಳಿ, ಅವರೇ ತೋರಿಸುತ್ತಾರೆ.

ಹಳೇ ವಾರ್ಡರ್

ಮೇಡಂ, ನನಗೆ ಗೊತ್ತಿರುವ ಇಬ್ಬರು ಇನ್ನೂ ಸರ್ವಿಸಿನಲ್ಲಿದ್ದಾರೆ. ನಿಮ್ಮ ಬರಹವನ್ನು ಅವರಿಗೆ ಓದಿ ಹೇಳಿದೆ. ಬಿಡುಗಡೆ ರಿಜಿಸ್ಟರಿನಲ್ಲಿ ಸಹಿ ಹಾಕಿಸುವಾಗ ಮಾತ್ರೆ ಇದೆಯಾ ಎಂದು ಕೇಳುವ ಒಂದು ಕಾಲಮ್ಮು ಇಲ್ಲ. ಬಟ್ಟೆ, ದುಡ್ಡು, ಉಂಗುರಕ್ಕೆಲ್ಲ ಕಾಲಮ್ಮು ಇದೆ. ಜಾಮೀನು ಆದೇಶ ಸಂಜೆ ಬಂದರೆ ಆಸ್ಪತ್ರೆ ಕೋಣೆಯವರು ಮನೆಗೆ ಹೋಗಿರುತ್ತಾರೆ. ಅಲ್ಲೇ ತಪ್ಪುವುದು. ಒಂದು ವಾರದ ಮಾತ್ರೆಯ ಪೊಟ್ಟಣ, ನಂಬರು ಬರೆದ ಚೀಟಿ ಎರಡನ್ನೂ ಮೊದಲೇ ಕಟ್ಟಿ ಗೇಟಿನಲ್ಲೇ ಇಡಬಹುದು ಎಂದು ಅವರಲ್ಲಿ ಒಬ್ಬ ಹೇಳಿದ. ಮೇಲಿನವರಿಗೆ ಬರೆಯುತ್ತಾನಂತೆ. ಕರಿಕೋಟು ಮೇಡಂ ಪ್ರಾಧಿಕಾರದ ಕಡೆಯಿಂದಲೂ ಒಂದು ಪತ್ರ ಹೋದರೆ ಬೇಗ ಆಗುತ್ತದೆ.

ಕರಿಕೋಟು

ಕರಡು ಸಿದ್ಧ ಮಾಡಿದ್ದೇನೆ ಸರ್. ಯಾರ ಹೆಸರೂ ಇಲ್ಲ. ಒಳಗೆ ಬರುವ ದಿನದ ತಪಾಸಣೆ, ಆಸ್ಪತ್ರೆಗೆ ಎಸ್ಕಾರ್ಟು, ಬಿಡುಗಡೆಯ ದಿನದ ಮಾತ್ರೆ, ಈ ಮೂರೇ ಕೇಳಿದ್ದೇನೆ. ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಡುವ ಮೊದಲು ಅವರ ಕೈಗೆ ಸೇರಬೇಕು.

ಅಕ್ಕ, ನಿಮ್ಮ ಹುಡುಗನ ವಾಯಿದೆ ಯಾವತ್ತು? ಒಂದು ವೇಳೆ ಅವತ್ತು ಏನಾದರೂ ಆಗಿ ಮತ್ತೆ ಒಳಗೆ ಕಳಿಸಿದರೆ ಮಾತ್ರೆ ಜೊತೆಗಿರಬೇಕು, ಕೋರ್ಟಿನಲ್ಲೇ ನಾನು ಹೇಳಿ ಬರೆಸುತ್ತೇನೆ.

ಏಲಕ್ಕಿಕಾಡು

ವಾಯಿದೆ ನಾಡಿದ್ದು ಗುರುವಾರ. ಅದೇ ದಿನ ಮಾತ್ರೆ ತರುವ ದಿನವೂ ಹೌದು. ಹಾಗಾಗಿ ಇವತ್ತೇ ಹೋಗಿ ಮುಂದಿನ ಮಾತ್ರೆ ತಂದೆವು. ಅವನ ಹೆಂಡತಿ ಹಳೇ ಸೀರೆಯ ತುಂಡಿನಲ್ಲಿ ಒಂದು ಸಣ್ಣ ಚೀಲ ಹೊಲಿದಿದ್ದಾಳೆ. ಮಾತ್ರೆ, ನಂಬರಿನ ಚೀಟಿ, ನನ್ನ ಫೋನ್ ನಂಬರು ಮೂರನ್ನೂ ಅದರೊಳಗೆ ಹಾಕಿ ಅಂಗಿಯ ಒಳಜೇಬಿಗೆ ಪಿನ್ನು ಚುಚ್ಚಿದ್ದಾಳೆ. ಬೆಳಗ್ಗೆ ಏಳರ ಬಸ್ಸಿಗೆ ಹೊರಡುತ್ತೇವೆ. ಕೋರ್ಟಿನ ಬಾಗಿಲ ಹತ್ತಿರ ಕಾಯುತ್ತಿರುತ್ತೇವೆ ಮೇಡಂ.